ಕಾಣದ ಪರೀಕ್ಷಕರ ಮುಂದೆ ಪಿಟೀಲು

ಎರಡು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ಮಧ್ಯಾಹ್ನ, ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಪ್ರಯೋಗಶಾಲೆಗೆ ಬಂದು, ತನ್ನ ಫೋನನ್ನು ಮೇಜಿನ ಮೇಲಿಟ್ಟು, “ಸಾರ್, ಇದನ್ನೊಮ್ಮೆ ಕೇಳಿ” ಎಂದಳು. ಆಕೆ ಹತ್ತು ವರ್ಷಗಳಿಂದ ಪಾಶ್ಚಾತ್ಯ ಪದ್ಧತಿಯ ಪಿಟೀಲನ್ನು ಕಲಿತವಳು. ಅಮೆರಿಕದ ಮೂರು ಸಂಗೀತ ಕಾಲೇಜುಗಳಿಗೆ ಅರ್ಜಿ ಹಾಕಲಿದ್ದಳು. ಅರ್ಜಿಯೊಡನೆ ಕಳುಹಿಸಬೇಕಾದ ಧ್ವನಿಚಿತ್ರ ಆ ಫೋನಿನಲ್ಲಿತ್ತು. ನಾವು ಕೇಳಿದೆವು. ವೇಗವಾಗಿ ನುಡಿಸಿದ ಭಾಗದಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ಗಂಜಿಯಂತೆ ಕಲಸಿಹೋಗಿದ್ದುವು. ನಿಧಾನದ ಭಾಗದಲ್ಲಿ ಮೆಲುದನಿಯೂ ಏರುದನಿಯೂ ಒಂದೇ ಎತ್ತರಕ್ಕೆ ಬಂದು ನಿಂತಿದ್ದುವು. “ನಾನು ಹೀಗೆ ನುಡಿಸಲಿಲ್ಲ ಸಾರ್” ಎಂದಳಾಕೆ. ಆ ಮಾತಿನಲ್ಲಿ ದೂರಿಗಿಂತ ಭಯವೇ ಹೆಚ್ಚಾಗಿತ್ತು. ಅರ್ಜಿಯ ಕೊನೆಯ ದಿನಕ್ಕೆ ಉಳಿದಿದ್ದುದು ಮೂರು ವಾರ.

ಆಕೆ ಹೇಳಿದ್ದು ನಿಜವಾಗಿತ್ತು. ಆ ಮುದ್ರಣದಲ್ಲಿ ಆಕೆಯ ಪಿಟೀಲಿನ ಜೊತೆಗೆ ಇನ್ನಿಬ್ಬರು ನುಡಿಸುತ್ತಿದ್ದರು: ಒಂದು ಆಕೆಯ ಮನೆಯ ನಡುಕೋಣೆ, ಇನ್ನೊಂದು ಆಕೆಯ ಫೋನು. ಈ ಇಬ್ಬರು ಕರೆಯದ ಜೊತೆಗಾರರನ್ನು ಗುರುತಿಸಿ, ಮೆಲ್ಲನೆ ಹೊರಗೆ ಕಳುಹಿಸುವುದು ಹೇಗೆಂಬುದು ಭೌತವಿಜ್ಞಾನದ ಪ್ರಶ್ನೆ. ಅದನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ದೂರದಿಂದ ಪರೀಕ್ಷೆ

ಸಂಗೀತ ಕಾಲೇಜಿಗೆ ಸೇರಬಯಸುವವನು ಪರೀಕ್ಷಕರ ಎದುರಿಗೆ ನಿಂತು ಹಾಡಿ ಅಥವಾ ನುಡಿಸಿ ತೋರಿಸುವುದು ಹಳೆಯ ಪದ್ಧತಿ. ಆದರೆ ನ್ಯೂಯಾರ್ಕಿನ ಜೂಲಿಯಾರ್ಡ್, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಮುಂತಾದ ಸಂಸ್ಥೆಗಳಿಗೆ ಬರುವ ಅರ್ಜಿಗಳು ಬಹಳ, ಸ್ಥಾನಗಳು ಕೆಲವೇ. ಎಲ್ಲರನ್ನೂ ಕರೆಸಿ ಕೇಳುವುದು ಸಾಧ್ಯವಿಲ್ಲದ ಮಾತು. ಆದುದರಿಂದ ಅನೇಕ ವಿಭಾಗಗಳಲ್ಲಿ ಮೊದಲೊಂದು ಜರಡಿ ಹಿಡಿಯುತ್ತಾರೆ. ಅಭ್ಯರ್ಥಿಯು ಗೊತ್ತುಪಡಿಸಿದ ಕೃತಿಗಳನ್ನು ಮುದ್ರಿಸಿ, ಬಹುಮಟ್ಟಿಗೆ ಡಿಸೆಂಬರ್ ೧ನೆಯ ತಾರೀಖಿನೊಳಗೆ ಕಳುಹಿಸಬೇಕು. ಅದನ್ನು ಕೇಳಿ ಮೆಚ್ಚಿದರೆ ಮಾತ್ರ ಮುಂದಿನ ಜನವರಿಯಿಂದ ಮಾರ್ಚಿಯ ಒಳಗೆ ನೇರ ಪರೀಕ್ಷೆಗೆ ಕರೆ ಬರುವುದು. ೨೦೨೦ರಲ್ಲಿ ಕೋವಿಡ್ ಹರಡಿದಾಗ ಅನೇಕ ಕಾಲೇಜುಗಳು ನೇರ ಪರೀಕ್ಷೆಯನ್ನೇ ಕೈಬಿಟ್ಟು, ಧ್ವನಿಚಿತ್ರಗಳಿಂದಲೇ ವಿದ್ಯಾರ್ಥಿಗಳನ್ನು ಆರಿಸಬೇಕಾಯಿತು.

ಪಿಟೀಲಿನ ಅಭ್ಯರ್ಥಿಯಿಂದ ಸಾಮಾನ್ಯವಾಗಿ ಕೇಳುವುದು ಬಾಖ್ ರಚಿಸಿದ ಒಂಟಿ ಪಿಟೀಲಿನ ಕೃತಿಯೊಂದರ ಭಾಗ, ಪಗಾನಿನಿಯ ಕಠಿಣವಾದ ಕ್ಯಾಪ್ರೀಸ್, ಮತ್ತು ಯಾವುದಾದರೊಂದು ಕನ್ಚೆರ್ಟೋದ ಭಾಗ. ಕ್ಯಾಮರಾ ಅಲುಗಾಡಕೂಡದು, ಮುಖವೂ ಎರಡು ಕೈಗಳೂ ಕಾಣಬೇಕು, ಒಂದು ಕೃತಿಯನ್ನು ಆರಂಭಿಸಿದರೆ ಕೊನೆಯವರೆಗೆ ಕತ್ತರಿ ಹಾಕದೆ ಮುದ್ರಿಸಬೇಕು. ಇವು ಬಹುತೇಕ ಎಲ್ಲೆಡೆ ಇರುವ ನಿಯಮಗಳು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಎದುರಿಗೆ ಕುಳಿತ ಪರೀಕ್ಷಕನಿಗೆ ಎರಡು ಕಿವಿಗಳೂ ಅವುಗಳ ಹಿಂದೆ ಒಂದು ಮೆದುಳೂ ಇರುತ್ತವೆ. ಕೋಣೆಯ ಗದ್ದಲವನ್ನೂ ಗೋಡೆಯ ಮಾರ್ದನಿಯನ್ನೂ ಆತ ಬಹುಮಟ್ಟಿಗೆ ಅರಿವಿಲ್ಲದೆಯೇ ಬದಿಗೊತ್ತಿ ಕೇಳಬಲ್ಲ. ಮೈಕ್ರೊಫೋನಿಗೆ ಈ ವಿವೇಕವಿಲ್ಲ. ತನ್ನ ಪೊರೆಯ ಮೇಲೆ ಬಿದ್ದ ಗಾಳಿಯ ಒತ್ತಡವನ್ನೆಲ್ಲ ಅದು ಒಂದೇ ಬುತ್ತಿಯಲ್ಲಿ ಕಟ್ಟಿ ಕಳುಹಿಸುತ್ತದೆ. ಬುತ್ತಿಯನ್ನು ಬಿಚ್ಚಿದವನಿಗೆ ಯಾವುದು ಪಿಟೀಲು, ಯಾವುದು ಗೋಡೆ ಎಂದು ಬೇರ್ಪಡಿಸುವುದು ಕಷ್ಟ.

ಕಹಳೆಯ ಮುಂದೆ ನಿಂತವರು

ಯಂತ್ರದ ಮುಂದೆ ಸಂಗೀತಗಾರ ಪೇಚಿಗೆ ಸಿಲುಕುವುದು ಹೊಸದೇನಲ್ಲ. ೧೮೭೭ರಲ್ಲಿ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದ ಮೇಲೆ ಸುಮಾರು ಅರ್ಧ ಶತಮಾನದವರೆಗೆ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ನೆರವಿರಲಿಲ್ಲ. ಹಾಡುಗಾರ ಒಂದು ದೊಡ್ಡ ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕು. ಆ ಗಾಳಿಯ ಬಲವೇ ಸೂಜಿಯನ್ನು ನಡುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗೌಹರ್ ಜಾನ್ ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಹಾಡಿದುದು ಇಂತಹ ಕಹಳೆಯ ಮುಂದೆಯೇ. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಆಕೆ ಸುಮಾರು ಮೂರು ನಿಮಿಷದೊಳಗೆ ಅಡಕಮಾಡಬೇಕಾಯಿತು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳೆಂಬುದನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು.

ಪಿಟೀಲಿನ ಪಾಡು ಇನ್ನೂ ಕಷ್ಟದ್ದು. ಅದರ ಮೆಲುದನಿ ಸೂಜಿಯನ್ನು ಸಾಕಷ್ಟು ಅಲುಗಿಸುತ್ತಿರಲಿಲ್ಲ. ೧೮೯೯ರಲ್ಲಿ ಅಗಸ್ಟಸ್ ಸ್ಟ್ರೋ ಎಂಬಾತ ಮರದ ಹೊಟ್ಟೆಯನ್ನೇ ತೆಗೆದುಹಾಕಿ, ಅದರ ಬದಲಿಗೆ ಪೊರೆಯನ್ನೂ ಲೋಹದ ಕಹಳೆಯನ್ನೂ ಜೋಡಿಸಿದ ಪಿಟೀಲೊಂದನ್ನು ರಚಿಸಿದ. ಧ್ವನಿಮುದ್ರಣ ಶಾಲೆಗಳಲ್ಲಿ ಅದನ್ನು ಬಳಸತೊಡಗಿದರು. ಯಂತ್ರಕ್ಕೆ ವಾದ್ಯ ಕೇಳಿಸಲೆಂದು ವಾದ್ಯವನ್ನೇ ಬದಲಿಸಬೇಕಾಯಿತು! ೧೯೨೫ರ ಹೊತ್ತಿಗೆ ಮೈಕ್ರೊಫೋನಿನ ಮೂಲಕ ಮುದ್ರಿಸುವ ವಿಧಾನ ಬಂದಮೇಲೆ ಈ ಕಾಟ ತಪ್ಪಿತು. ಇಂದು ನಮ್ಮ ಜೇಬಿನ ಫೋನಿನಲ್ಲಿರುವ ಮೈಕ್ರೊಫೋನಿನ ಪೊರೆ ಸಿಲಿಕಾನಿನದು. ಅಗಲ ಒಂದು ಮಿಲಿಮೀಟರಿನ ಆಸುಪಾಸು. ಅದು ಕೇಳದ ಮೆಲುದನಿಯಿಲ್ಲ. ಈಗಿನ ತೊಂದರೆ ಯಂತ್ರಕ್ಕೆ ಕೇಳಿಸದಿರುವುದಲ್ಲ, ಬೇಡದುದೂ ಕೇಳಿಸುವುದು.

ಕೋಣೆಯೂ ನುಡಿಯುವುದು

ಮೊದಲು ಕೋಣೆಯ ವಿಚಾರ. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಯಾರು ಮಾತಾಡಿದರೂ ಕೇಳುಗರಿಗೆ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಎದ್ದ ಧ್ವನಿ ಸುಮಾರು ೫.೫ ಸೆಕೆಂಡುಗಳ ಕಾಲ ಒಳಗೆ ಸುಳಿದಾಡುತ್ತಿತ್ತು. ಅಷ್ಟರಲ್ಲಿ ಮಾತಾಡುವವನು ಮುಂದಿನ ಹತ್ತು ಹನ್ನೆರಡು ಪದಗಳನ್ನು ಹೇಳಿ ಮುಗಿಸುತ್ತಿದ್ದ. ಇದನ್ನು ಸರಿಪಡಿಸುವ ಕೆಲಸ ೨೭ ವರ್ಷದ ಭೌತವಿಜ್ಞಾನದ ಅಧ್ಯಾಪಕ ವಾಲೆಸ್ ಸೇಬಿನ್ನನ ಪಾಲಿಗೆ ಬಂತು. ಆತನ ಉಪಕರಣಗಳು ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಮತ್ತು ತನ್ನ ಎರಡು ಕಿವಿಗಳು. ಊರು ಮಲಗಿದ ಮೇಲೆ ಆತನೂ ಅವನ ಸಹಾಯಕರೂ ಹತ್ತಿರದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಮಂದಿರದಲ್ಲಿ ಹಾಸಿ, ಕೊಳವೆಯ ನಾದ ನಿಂತಮೇಲೆ ಮಾರ್ದನಿ ಎಷ್ಟು ಹೊತ್ತು ಉಳಿಯುವುದೆಂದು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಕ್ಕೆ ಹಾಕಿಬರುತ್ತಿದ್ದರು. ಹೀಗೆ ಮೆತ್ತೆ ಹೊತ್ತ ರಾತ್ರಿಗಳಿಂದ ಕಟ್ಟಡಗಳ ಶಬ್ದವಿಜ್ಞಾನ ಹುಟ್ಟಿತು. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ವಿಜ್ಞಾನದ ನೆರವಿನಿಂದ ಕಟ್ಟಿದ ಸಂಗೀತ ಮಂದಿರ. ನಾವು ಮೇಲೆ ಹೆಸರಿಸಿದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಅಲ್ಲಿಂದ ಕೂಗಳತೆಯ ದೂರದಲ್ಲಿದೆ.

ಸೇಬಿನ್ನನ ಸೂತ್ರ ಸುಲಭವಾದದ್ದು. ಧ್ವನಿಯ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಎಂದರೆ ೬೦ ಡೆಸಿಬೆಲ್ಲುಗಳಷ್ಟು, ಇಳಿಯಲು ಬೇಕಾಗುವ ಕಾಲವನ್ನು ಅನುರಣನ ಕಾಲವೆನ್ನುತ್ತಾರೆ. ಕೋಣೆಯ ಘನ ಅಳತೆಯನ್ನು ೦.೧೬೧ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಇದು ದೊರೆಯುವುದು. ಹೀರಿಕೆಯನ್ನು ಅಳೆಯಲು ಸೇಬಿನ್ ಬಳಸಿದ ಮಾನ ತೆರೆದ ಕಿಟಕಿ. ತೆರೆದ ಕಿಟಕಿಯ ಮೇಲೆ ಬಿದ್ದ ಧ್ವನಿ ಹಿಂದಕ್ಕೆ ಬಾರದು. ಆದುದರಿಂದ ಅದರ ಒಂದು ಚದರ ಮೀಟರು ಒಂದು ಪೂರ್ಣ ಮಾನ. ಗಾರೆಯ ಗೋಡೆ, ಹೆಂಚುಹಾಸಿದ ನೆಲ ಇವುಗಳ ಒಂದು ಚದರ ಮೀಟರು ಸುಮಾರು ೦.೦೩ ಮಾನಕ್ಕೆ ಮಾತ್ರ ಸಮ.

ನಮ್ಮ ವಿದ್ಯಾರ್ಥಿನಿಯ ಮನೆಯ ನಡುಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ ೪ ಮೀಟರು, ಅಗಲ ೩.೫, ಎತ್ತರ ೩. ಘನ ಅಳತೆ ೪೨ ಘನ ಮೀಟರು. ನೆಲ, ಚಾವಣಿ, ನಾಲ್ಕು ಗೋಡೆಗಳು ಸೇರಿ ೭೩ ಚದರ ಮೀಟರು; ಹೀರಿಕೆ ಸುಮಾರು ೨.೨ ಮಾನ. ಭಾಗಿಸಿದರೆ ಅನುರಣನ ಕಾಲ ೩ ಸೆಕೆಂಡಿಗೂ ತುಸು ಹೆಚ್ಚು. ಚಿತ್ರದಲ್ಲಿ ಅಂದವಾಗಿ ಕಾಣಲೆಂದು ಆಕೆಯ ಮನೆಯವರು ಕುರ್ಚಿ, ಜಮಖಾನ, ಪರದೆ ಎಲ್ಲವನ್ನೂ ಹೊರಗೆ ಸಾಗಿಸಿ ಕೋಣೆಯನ್ನು ಬರಿದುಮಾಡಿದ್ದರು. ಕಣ್ಣಿಗೆ ಅಂದವಾದುದು ಕಿವಿಗೆ ಆಪತ್ತಾಯಿತು.

ಈಗ ಪಗಾನಿನಿಯ ಕೃತಿಯ ಗತಿಯನ್ನು ನೆನೆಯಿರಿ. ಸೆಕೆಂಡಿಗೆ ಎಂಟು ಸ್ವರಗಳಂತೆ ನುಡಿಸಿದರೆ ಒಂದೊಂದು ಸ್ವರಕ್ಕೆ ದೊರೆಯುವ ಕಾಲ ೦.೧೨೫ ಸೆಕೆಂಡು. ೩.೧ ಸೆಕೆಂಡಿನಲ್ಲಿ ೬೦ ಡೆಸಿಬೆಲ್ ಇಳಿಯುವ ಕೋಣೆಯಲ್ಲಿ ಇಷ್ಟು ಅಲ್ಪ ಕಾಲದಲ್ಲಿ ಧ್ವನಿ ಇಳಿಯುವುದು ಕೇವಲ ೨.೪ ಡೆಸಿಬೆಲ್. ಎಂದರೆ, ಮುಂದಿನ ಸ್ವರ ಮೊದಲಾಗಿ ಮುಗಿಯುವ ವೇಳೆಗೂ ಹಿಂದಿನ ಸ್ವರದ ಮಾರ್ದನಿ ತನ್ನ ತೀವ್ರತೆಯ ಅರ್ಧಕ್ಕಿಂತ ಹೆಚ್ಚನ್ನು ಉಳಿಸಿಕೊಂಡಿರುವುದು. ಸ್ವರಗಳು ಗಂಜಿಯಾಗದೆ ಇನ್ನೇನಾದಾವು? ಅಭ್ಯರ್ಥಿಯ ಬೆರಳು ಎಷ್ಟು ಚೊಕ್ಕಟವಾಗಿ ಬಿದ್ದರೂ ಪರೀಕ್ಷಕನಿಗೆ ಕೇಳಿಸುವುದು ಕಲಸುಮೇಲೋಗರವೇ.

ಮದ್ದು ಮನೆಯಲ್ಲೇ ಇದೆ. ಹಾಸಿಗೆಯನ್ನು ಗೋಡೆಗೆ ಒರಗಿಸಿ, ದಪ್ಪ ಕಂಬಳಿಗಳನ್ನು ಹಗ್ಗದ ಮೇಲೆ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲನ್ನು ತೆರೆದಿಟ್ಟರೆ ಹೀರಿಕೆಗೆ ೫ ಮಾನವಾದರೂ ಕೂಡುವುದು. ಒಟ್ಟು ೭.೨ ಮಾನವಾಗಿ, ಅನುರಣನ ಕಾಲ ೦.೯ ಸೆಕೆಂಡಿನ ಸುಮಾರಿಗೆ ಇಳಿಯುವುದು. ಕಂಬಳಿ ಗೋಡೆಗೆ ಅಂಟಿಕೊಂಡಿರುವುದಕ್ಕಿಂತ ಒಂದು ಗೇಣು ದೂರದಲ್ಲಿ ತೂಗಿದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲೆ ಗಾಳಿಯ ಕಣಗಳು ಅಲುಗಲಾರವು; ಗೋಡೆಯಿಂದ ದೂರ ಸರಿದಂತೆ ಅವುಗಳ ಓಡಾಟ ಹೆಚ್ಚಿ, ಕಂಬಳಿಯ ಎಳೆಗಳ ನಡುವೆ ಉಜ್ಜಾಡಿ ಶಕ್ತಿಯನ್ನು ಕಳೆದುಕೊಳ್ಳುತ್ತವೆ.

ಕಣ್ಣಿಗೊಂದು ದೂರ, ಕಿವಿಗೊಂದು ದೂರ

ಕಂಬಳಿಯಿಂದ ಅರ್ಧ ಕೆಲಸವಾಯಿತು. ಇನ್ನರ್ಧ ಮೈಕ್ರೊಫೋನನ್ನು ಎಲ್ಲಿಡಬೇಕೆಂಬ ಪ್ರಶ್ನೆ. ವಾದ್ಯದಿಂದ ನೇರವಾಗಿ ಬರುವ ನಾದ ದೂರ ಇಮ್ಮಡಿಯಾದಂತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುವುದು. ಗೋಡೆಗಳಿಂದ ಮರಳಿ ಬರುವ ಮಾರ್ದನಿಯಾದರೋ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಸಮನಾಗಿ ಹರಡಿರುವುದು. ಆದುದರಿಂದ ವಾದ್ಯದಿಂದ ಒಂದು ಗೊತ್ತಾದ ದೂರದಲ್ಲಿ ಇವೆರಡೂ ಸಮಬಲವಾಗುತ್ತವೆ. ಅದರಿಂದಾಚೆ ಕೋಣೆಯದೇ ರಾಜ್ಯಭಾರ. ಈ ದೂರವನ್ನು ಅಂದಾಜು ಮಾಡುವುದು ಕಷ್ಟವಲ್ಲ: ಘನ ಅಳತೆಯನ್ನು ಅನುರಣನ ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆದು, ೦.೦೫೭ರಿಂದ ಗುಣಿಸಿದರೆ ಮೀಟರುಗಳಲ್ಲಿ ಉತ್ತರ ಬರುವುದು.

ಬರಿದಾದ ನಡುಕೋಣೆಯಲ್ಲಿ ಇದು ೦.೨೧ ಮೀಟರು, ಎಂದರೆ ಒಂದು ಗೇಣು. ಕಂಬಳಿ ಕಟ್ಟಿದ ಮೇಲೆ ೦.೩೯ ಮೀಟರು, ಎಂದರೆ ಒಂದು ಮೊಳಕ್ಕೂ ಕಡಿಮೆ. ಆದರೆ ಮುಖವೂ ಕೈಗಳೂ ಕಮಾನಿನ ಪೂರ್ತಿ ಎಳೆತವೂ ಕಾಣಬೇಕಾದರೆ ಫೋನನ್ನು ಎರಡೂವರೆ ಮೀಟರು ದೂರದಲ್ಲಿಡಬೇಕು. ಆ ದೂರದಲ್ಲಿ, ಬರಿ ಕೋಣೆಯೊಳಗೆ, ಪಿಟೀಲಿನ ನೇರ ನಾದಕ್ಕಿಂತ ಮಾರ್ದನಿಯ ಶಕ್ತಿ ನೂರು ಪಟ್ಟಿಗೂ ಹೆಚ್ಚು. ಕಂಬಳಿ ಕಟ್ಟಿದ ಮೇಲೂ ನಲವತ್ತು ಪಟ್ಟು. ಇದೇ ಇಡೀ ಸಮಸ್ಯೆಯ ಗಂಟು. ಕಣ್ಣಿಗೆ ದೂರ ಬೇಕು, ಕಿವಿಗೆ ಸಾಮೀಪ್ಯ ಬೇಕು. ಫೋನಿನಲ್ಲಿ ಕಣ್ಣೂ ಕಿವಿಯೂ ಒಂದೇ ಡಬ್ಬಿಯೊಳಗಿವೆ.

ಗಂಟನ್ನು ಬಿಡಿಸಲು ಎರಡು ದಾರಿಗಳುಂಟು. ಮೊದಲನೆಯದು ಕಿವಿಯನ್ನು ಕಣ್ಣಿನಿಂದ ಬೇರ್ಪಡಿಸುವುದು: ತಂತಿಯುಳ್ಳ ಬೇರೊಂದು ಮೈಕ್ರೊಫೋನನ್ನು ಫೋನಿಗೆ ಸೇರಿಸಿ ವಾದ್ಯದ ಹತ್ತಿರ ನಿಲ್ಲಿಸುವುದು. ಎರಡನೆಯದು ದೊಡ್ಡ ಕೋಣೆಯನ್ನು ಹುಡುಕುವುದು. ಸೂತ್ರವನ್ನು ಮತ್ತೊಮ್ಮೆ ನೋಡಿ: ಘನ ಅಳತೆ ಹೆಚ್ಚಿದಂತೆ ಸಮಬಲದ ದೂರವೂ ಹೆಚ್ಚುವುದು. ನಮ್ಮ ಕಾಲೇಜಿನ ಗ್ರಂಥಾಲಯದ ಓದುವ ಮಂದಿರ ೨೦ ಮೀಟರು ಉದ್ದ, ೧೦ ಅಗಲ, ೫ ಎತ್ತರ. ಒಟ್ಟು ೧,೦೦೦ ಘನ ಮೀಟರು. ಬಲೂನೊಂದನ್ನು ಒಡೆದು ಅಳೆದಾಗ ಅನುರಣನ ಕಾಲ ೧.೨ ಸೆಕೆಂಡಿನ ಸುಮಾರಿಗೆ ಬಂತು. ಕಪಾಟುಗಳ ತುಂಬ ಇರುವ ಪುಸ್ತಕಗಳ ಉಪಕಾರವದು. ಅಲ್ಲಿ ಸಮಬಲದ ದೂರ ೧.೬೫ ಮೀಟರು, ಒಂದು ಮಾರಿಗೆ ಸಮೀಪ. ನಾವು ಎರಡು ದಾರಿಗಳನ್ನೂ ಹಿಡಿದೆವು. ಭಾನುವಾರದ ಒಂದು ಬೆಳಗ್ಗೆ, ಗ್ರಂಥಪಾಲಕರ ಅನುಮತಿ ಪಡೆದು, ಆ ಮಂದಿರದಲ್ಲಿ ಫೋನನ್ನು ದೂರಕ್ಕೂ ಮೈಕ್ರೊಫೋನನ್ನು ಒಂದೂವರೆ ಮೀಟರಿಗೂ ಇಟ್ಟೆವು.

ಇನ್ನೂ ಹತ್ತಿರಕ್ಕೆ ತರಬಾರದೇಕೆ? ಪಿಟೀಲಿನ ಕೆಳತಂತಿ ಸೆಕೆಂಡಿಗೆ ೧೯೬ ಸಲ ಕಂಪಿಸುವುದು. ಆ ನಾದದ ಅಲೆಯುದ್ದ ೧.೭೫ ಮೀಟರು, ವಾದ್ಯಕ್ಕಿಂತ ಎಷ್ಟೋ ದೊಡ್ಡದು. ಇಂತಹ ಅಲೆ ವಾದ್ಯವನ್ನು ಬಳಸಿಕೊಂಡು ಎಲ್ಲ ದಿಕ್ಕಿಗೂ ಹರಡುವುದು. ಆದರೆ ಪಿಟೀಲಿನ ಕಂಠಕ್ಕೆ ಹೊಳಪು ಕೊಡುವ ಮೇಲಿನ ಉಪಸ್ವರಗಳ ಅಲೆಯುದ್ದ ಕೆಲವೇ ಸೆಂಟಿಮೀಟರು. ಅವು ದೀಪದ ಕಿರಣದಂತೆ ಗೊತ್ತಾದ ದಿಕ್ಕುಗಳಿಗೆ, ಹೆಚ್ಚಾಗಿ ಮೇಲ್ಹಲಗೆ ನೋಡುವ ಕಡೆಗೆ, ಹೋಗುವುವು. ಮೈಕ್ರೊಫೋನನ್ನು ತೀರ ಸಮೀಪದಲ್ಲಿಟ್ಟರೆ ವಾದ್ಯದ ಒಂದು ಭಾಗದ ನಾದ ಮಾತ್ರ ಸಿಕ್ಕಿ, ಕಮಾನಿನ ಕೂದಲ ಕರಕರ ಶಬ್ದ ಎದ್ದು ಕೇಳುವುದು. ವಾದಕಿಯ ಎದುರಿಗೆ, ತಲೆಗಿಂತ ಎತ್ತರದಲ್ಲಿ, ಮೇಲ್ಹಲಗೆಯನ್ನು ಇಳಿನೋಟದಿಂದ ನೋಡುವಂತೆ ನಿಲ್ಲಿಸುವುದು ಮೇಲು.

ಫೋನಿನ ಅತಿಯಾದ ಉಪಕಾರ

ಗಂಜಿಯ ಕಾರಣ ತಿಳಿಯಿತು. ಮೆಲುದನಿಯೂ ಏರುದನಿಯೂ ಒಂದಾದುದೇಕೆ? ಇದು ಫೋನಿನ ಕೆಲಸ. ಫೋನು ಹುಟ್ಟಿದ್ದು ಮಾತಿಗಾಗಿ. ಮಾತಾಡುವವನು ದೂರ ಸರಿದರೂ ಹತ್ತಿರ ಬಂದರೂ ಕೇಳುಗನಿಗೆ ಒಂದೇ ಸಮನಾಗಿ ಕೇಳಿಸಲೆಂದು ಅದರೊಳಗೆ ಒಂದು ಏರ್ಪಾಡಿದೆ. ಅದೃಶ್ಯನಾದ ಸೇವಕನೊಬ್ಬ ತಿರುಗುಗುಂಡಿಯ ಮೇಲೆ ಕೈಯಿಟ್ಟು ಕುಳಿತಿರುವನೆಂದು ಭಾವಿಸಿ. ಧ್ವನಿ ಏರಿದೊಡನೆ ಆತ ಗುಂಡಿಯನ್ನು ಇಳಿಸುತ್ತಾನೆ, ತಗ್ಗಿದೊಡನೆ ಏರಿಸುತ್ತಾನೆ. ಮಾತಿಗೆ ಇದು ಉಪಕಾರ, ಸಂಗೀತಕ್ಕೆ ಅಪಚಾರ. ಪಿಸುಮಾತಿನಂತಹ ನಾದದಿಂದ ಮೆಲ್ಲಮೆಲ್ಲನೆ ಏರಿ ತುಂಬುಕಂಠಕ್ಕೆ ಬರುವುದನ್ನು ಕಲಿಯಲು ಪಿಟೀಲುಗಾರ್ತಿ ವರ್ಷಗಟ್ಟಲೆ ಕಮಾನು ಹಿಡಿದು ಸಾಧಿಸಿರುತ್ತಾಳೆ. ಸೇವಕ ಅದನ್ನು ಒಂದು ಕ್ಷಣದಲ್ಲಿ ಮಟ್ಟಮಾಡಿಬಿಡುತ್ತಾನೆ.

ಇದನ್ನು ಓದುಗರು ತಾವೇ ಪರೀಕ್ಷಿಸಬಹುದು. ಶ್ರುತಿಪೆಟ್ಟಿಗೆಯನ್ನು ಒಂದೇ ಸಮನೆ ನುಡಿಯಲು ಬಿಟ್ಟು, ಫೋನಿನಲ್ಲಿ ಮುದ್ರಿಸುತ್ತ, ನಡುವೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅನೇಕ ಫೋನುಗಳ ಮುದ್ರಣದಲ್ಲಿ ಚಪ್ಪಾಳೆಯ ಹಿಂದೆಯೇ ಶ್ರುತಿ ಕುಗ್ಗಿ, ಬಳಿಕ ನಿಧಾನವಾಗಿ ಉಬ್ಬಿಕೊಳ್ಳುವುದು ಕೇಳಿಸುತ್ತದೆ. ಶ್ರುತಿಪೆಟ್ಟಿಗೆ ಬದಲಾಗಲಿಲ್ಲ, ಬದಲಾದುದು ಸೇವಕನ ಕೈ.

ಇವನಿಗೊಬ್ಬ ತಮ್ಮನೂ ಇದ್ದಾನೆ. ಏರಿಳಿತವಿಲ್ಲದೆ ಎಡೆಬಿಡದೆ ಬರುವ ಧ್ವನಿಯೆಲ್ಲ ಫ್ಯಾನಿನ ಸದ್ದೋ ಯಂತ್ರದ ಗದ್ದಲವೋ ಇರಬೇಕೆಂದು ತಿಳಿದು ಅದನ್ನು ಒರಸಿಹಾಕುವುದು ಇವನ ಕಸುಬು. ತಂಬೂರಿಯ ಶ್ರುತಿಯನ್ನೂ ಕೊಳಲಿನ ದೀರ್ಘ ಸ್ವರವನ್ನೂ ಇವನು ಗದ್ದಲವೆಂದೇ ಬಗೆಯುವನು. ಜಾಲದ ಮೂಲಕ ನಡೆಯುವ ಸಂಗೀತ ಪಾಠಗಳಲ್ಲಿ ಗುರುವಿನ ನೀಳವಾದ ಷಡ್ಜ ನಡುವೆಯೇ ಮಾಯವಾಗುವುದಕ್ಕೆ ಇದೇ ಕಾರಣ. ಜೂಮ್ ಮುಂತಾದ ವ್ಯವಸ್ಥೆಗಳಲ್ಲಿ ಸಂಗೀತಗಾರರಿಗಾಗಿ ಈ ಕ್ರಿಯೆಯನ್ನು ನಿಲ್ಲಿಸುವ ಬೇರೆ ಗುಂಡಿಯನ್ನೇ ಇಟ್ಟಿದ್ದಾರೆ. ಧ್ವನಿಯ ಮಟ್ಟವನ್ನು ಕೈಯಿಂದಲೇ ಗೊತ್ತುಪಡಿಸಲು ಬಿಡುವ ಮುದ್ರಣ ತಂತ್ರಾಂಶಗಳು ಫೋನುಗಳಿಗೆ ದೊರೆಯುತ್ತವೆ. ಅಣ್ಣತಮ್ಮಂದಿರಿಬ್ಬರಿಗೂ ರಜೆ ಕೊಟ್ಟು ಅಂತಹುದನ್ನು ಬಳಸುವುದೇ ಉಪಾಯ.

ಇಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗವೊಂದು ನೆನಪಿಗೆ ಬರುತ್ತದೆ. ಬೆಂಗಳೂರಿಗೆ ಬರುವುದಕ್ಕೆ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಅವರು ಪಿಟೀಲನ್ನು ಯಂತ್ರದಿಂದ ನುಡಿಸುವ ಏರ್ಪಾಡೊಂದನ್ನು ಮಾಡಿ, ಕಮಾನಿನ ವೇಗ, ಒತ್ತಡ, ಸ್ಥಾನ ಇವುಗಳ ಪರಿಣಾಮವನ್ನು ಬೇರೆಬೇರೆಯಾಗಿ ಅಳೆದು ೧೯೨೦ರಲ್ಲಿ ಪ್ರಕಟಿಸಿದರು. ವಾದ್ಯದ ನಿಯಮ ತಿಳಿಯಬೇಕಾದರೆ ಮನುಷ್ಯನ ಕೈಯ ಚಾಂಚಲ್ಯವನ್ನು ಹೊರಗಿಡಬೇಕು. ಸಂಗೀತದ ಪರೀಕ್ಷೆ ಇದಕ್ಕೆ ತೀರ ತಿರುಗುಮುರುಗು. ಅಲ್ಲಿ ತಿಳಿಯಬೇಕಾದುದೇ ಆ ಕೈಯ ಚಲನೆ. ಆದುದರಿಂದ ಬದಲಾಗದೆ ನಿಲ್ಲಬೇಕಾದುದು ಯಂತ್ರ.

ನಾದದಿಂದ ಅಂಕೆಗೆ

ಸೇವಕನನ್ನು ಕಳುಹಿಸಿದ ಮೇಲೆ ಗುಂಡಿಯ ಹೊಣೆ ನಮ್ಮದಾಗುವುದು. ಫೋನು ಗಾಳಿಯ ಒತ್ತಡವನ್ನು ಸೆಕೆಂಡಿಗೆ ೪೪,೧೦೦ ಅಥವಾ ೪೮,೦೦೦ ಸಲ ಅಳೆದು ಅಂಕೆಗಳಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಗೆ ಕೇಳುವ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳು. ಒಂದು ಕಂಪನವನ್ನು ತಪ್ಪದೆ ಹಿಡಿಯಲು ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಸಾಕೆಂಬುದು ಗಣಿತದ ಸಿದ್ಧಾಂತ. ಅಲ್ಲಿಗೆ ಈ ಅಂಕೆಗಳು ಸಾಕಾದವು.

ಪ್ರತಿಯೊಂದು ಅಳತೆಯನ್ನೂ ೧೬ ದ್ವಿಮಾನ ಅಂಕಗಳಲ್ಲಿ ಬರೆದರೆ ೬೫,೫೩೬ ಮೆಟ್ಟಿಲುಗಳು ದೊರೆಯುವುವು. ಅತ್ಯಂತ ಮೆಲ್ಲಗಿನ ಮೆಟ್ಟಿಲಿಗೂ ಅತ್ಯಂತ ಎತ್ತರದ ಮೆಟ್ಟಿಲಿಗೂ ನಡುವೆ ಸುಮಾರು ೯೬ ಡೆಸಿಬೆಲ್. ಕೆಳಗೆ ಜಾಗ ಧಾರಾಳವಾಗಿದೆ. ಮೇಲೆ ಚಾವಣಿ ಗಟ್ಟಿ. ನಾದ ಚಾವಣಿಗೆ ತಗುಲಿದರೆ ಅಲೆಯ ತಲೆ ಕತ್ತರಿಸಿದಂತಾಗಿ, ವಾದ್ಯದಲ್ಲಿಲ್ಲದ ಉಪಸ್ವರಗಳು ಹುಟ್ಟಿ, ಕರ್ಕಶವಾಗಿ ಕೇಳುವುದು. ಹೀಗೆ ಕಳೆದುಹೋದ ತಲೆಯನ್ನು ಮತ್ತೆ ಅಂಟಿಸುವ ಉಪಾಯವಿಲ್ಲ. ಆದುದರಿಂದ ಮುದ್ರಣಕ್ಕೆ ಮೊದಲು ಕೃತಿಯ ಅತಿ ಜೋರಾದ ಸಾಲುಗಳನ್ನು ನುಡಿಸಿ, ಅವು ಚಾವಣಿಗಿಂತ ೬ರಿಂದ ೧೨ ಡೆಸಿಬೆಲ್ ಕೆಳಗಿರುವಂತೆ ಮಟ್ಟವನ್ನು ಗೊತ್ತುಮಾಡಿ, ಮತ್ತೆ ಅದನ್ನು ಮುಟ್ಟಬಾರದು. ಪರೀಕ್ಷೆಯ ದಿನದ ಉತ್ಸಾಹದಲ್ಲಿ ಕಮಾನು ಅಭ್ಯಾಸಕ್ಕಿಂತ ಗಟ್ಟಿಯಾಗಿಯೇ ಬೀಳುವುದು. ಆ ಅಂತರ ಅದಕ್ಕಾಗಿ.

ಎರಡು ಕಿವಿಗಳಿಗೆ ಬೇಕಾದ ಅಂಕೆಗಳನ್ನು ಪೂರ್ತಿಯಾಗಿ ಬರೆದರೆ ಸೆಕೆಂಡಿಗೆ ೧೪,೧೧,೨೦೦ ದ್ವಿಮಾನ ಅಂಕಗಳಾಗುವುವು. ಕಡತ ಚಿಕ್ಕದಾಗಲೆಂದು ಕಿವಿಗೆ ಗೊತ್ತಾಗದ ಭಾಗಗಳನ್ನು ಕೈಬಿಡುವ ಪದ್ಧತಿಯಿದೆ. ಜೋರಾದ ನಾದದ ಬಳಿಯಿರುವ ಮೆಲುನಾದವನ್ನು ಕಿವಿ ಗುರುತಿಸದು ಎಂಬುದರ ಮೇಲೆ ಇದು ನಿಂತಿದೆ. ಮಿತವಾಗಿ ಮಾಡಿದರೆ ಕೆಡುಕಿಲ್ಲ. ಆದರೆ ಸಂದೇಶ ಕಳುಹಿಸುವ ತಂತ್ರಾಂಶಗಳ ಮೂಲಕ ಒಬ್ಬರಿಂದೊಬ್ಬರಿಗೆ ದಾಟಿಸಿದಾಗ ಧ್ವನಿಚಿತ್ರವನ್ನು ಮತ್ತೆ ಮತ್ತೆ ಹಿಂಡುವುದುಂಟು. ಕಾಲೇಜಿಗೆ ಕಳುಹಿಸಬೇಕಾದುದು ಫೋನಿನಲ್ಲಿ ಹುಟ್ಟಿದ ಮೂಲ ಕಡತವನ್ನು.

ಗದ್ದಲದ ವಿಷಯದಲ್ಲಿ ಒಂದು ಮಾತು. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಸಲ ದಿಕ್ಕು ತಿರುಗಿ ಮರಳುವುದು. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಪ್ರತಿ ಸುತ್ತಿಗೂ ಎರಡು ಸಲ ಹಿಗ್ಗಿ ಕುಗ್ಗಿ ೧೦೦ ಕಂಪನಗಳ ಗುಂಯ್‌ಗುಟ್ಟುವಿಕೆಯನ್ನು ಹುಟ್ಟಿಸುವುದು. ಅದರ ಉಪಸ್ವರ ೨೦೦. ಪಿಟೀಲಿನ ಕೆಳತಂತಿಯ ೧೯೬ರೊಡನೆ ಇದು ಸೇರಿದರೆ ಸೆಕೆಂಡಿಗೆ ನಾಲ್ಕು ಏರಿಳಿತಗಳು, ಪಾಠದಲ್ಲಿ ನೀವು ‘ವಿಸ್ಪಂದ’ವೆಂದು ಓದುವುವು, ಹುಟ್ಟಬಹುದು. ಇಂತಹ ಸದ್ದಿನ ಮೂಲಗಳನ್ನೂ ಫ್ಯಾನನ್ನೂ ನಿಲ್ಲಿಸಿಯೇ ಮುದ್ರಣಕ್ಕೆ ತೊಡಗಬೇಕು. ನವೆಂಬರ್ ತಿಂಗಳ ಬೆಂಗಳೂರಿನಲ್ಲಿ ಫ್ಯಾನಿನ ಹಂಗಿಲ್ಲವೆಂಬುದು ನಮ್ಮ ಪುಣ್ಯ.

ಕತ್ತರಿ ಹಾಕದ ಮುದ್ರಣ

ಕಾಂತೀಯ ಪಟ್ಟಿ ಬಂದ ಮೇಲೆ ಮುದ್ರಣವನ್ನು ಕತ್ತರಿಸಿ ಅಂಟಿಸುವುದು ಸುಲಭವಾಯಿತು. ಕೆನಡಾದ ಹೆಸರಾಂತ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ೧೯೬೪ರಲ್ಲಿ ಕಛೇರಿಗಳನ್ನೇ ಬಿಟ್ಟು, ಹಲವು ಸಲ ನುಡಿಸಿದುದರಿಂದ ಬೇಕಾದುದನ್ನು ಆರಿಸಿ ಜೋಡಿಸುವುದೂ ಕಲೆಯೇ ಎಂದು ಸಾಧಿಸಿದ. ೧೯೯೭ರಲ್ಲಿ ಬಂದ ಆಟೋಟ್ಯೂನ್ ಎಂಬ ತಂತ್ರಾಂಶ ತಪ್ಪಿದ ಶ್ರುತಿಯನ್ನೂ ತಿದ್ದತೊಡಗಿತು. ಧ್ವನಿಮುದ್ರಿಕೆಗೆ ಇವೆಲ್ಲ ಸಲ್ಲುತ್ತವೆ. ಏಕೆಂದರೆ ಅಲ್ಲಿ ಕೇಳುಗನಿಗೆ
ಬೇಕಾದುದು ಕೃತಿ. ಪ್ರವೇಶ ಪರೀಕ್ಷೆಯಲ್ಲಿ ಪರೀಕ್ಷಕನಿಗೆ ಬೇಕಾದುದು ನುಡಿಸುವವಳು. ಕಷ್ಟದ ಸಾಲಿನಲ್ಲಿ ಒಂದು ಸ್ವರ ಜಾರಿದಾಗ ಆಕೆ ಹೇಗೆ ಸಾವರಿಸಿಕೊಂಡಳೆಂಬುದು ಜಾರದ ನೂರು ಸ್ವರಗಳಿಗಿಂತ ಹೆಚ್ಚನ್ನು ಹೇಳಬಹುದು. ತಿದ್ದಿದ ಮುದ್ರಣದಿಂದ ಕರೆ ಗಿಟ್ಟಿಸಿದವನ ಗತಿಯೂ ಸುಖವಲ್ಲ. ಮುಂದೆ ನೇರ ಪರೀಕ್ಷೆಯಲ್ಲಿ ಅವನ ಬೆರಳೇ ಅವನ ಮೇಲೆ ಸಾಕ್ಷಿ ಹೇಳುವುದು.

ನಾವು ಕೋಣೆಯನ್ನು ತಿದ್ದಿದೆವು, ಮೈಕ್ರೊಫೋನನ್ನು ಸರಿಸಿದೆವು, ಸೇವಕರನ್ನು ಕಳುಹಿಸಿದೆವು. ಸಂಗೀತವನ್ನು ಮುಟ್ಟಲಿಲ್ಲ. ಇವೆರಡರ ನಡುವಣ ಗೆರೆಯನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿದಿರಬೇಕು. ಪ್ರಯೋಗಶಾಲೆಯಲ್ಲಿಯೂ ಇದೇ ನೀತಿ: ಉಪಕರಣದ ದೋಷವನ್ನು ತೆಗೆಯುವುದು ಧರ್ಮ, ಅಳತೆಯನ್ನೇ ತಿದ್ದುವುದು ವಂಚನೆ.

ಆ ಭಾನುವಾರ ನಮ್ಮ ವಿದ್ಯಾರ್ಥಿನಿ ಬಾಖ್‌ನ ಭಾಗವನ್ನು ನಾಲ್ಕು ಸಲವೂ ಪಗಾನಿನಿಯ ಕೃತಿಯನ್ನು ಆರು ಸಲವೂ ನುಡಿಸಿ, ಪ್ರತಿಯೊಂದರಲ್ಲಿಯೂ ಇಡಿಯಾದ ಒಂದನ್ನು ಆರಿಸಿಕೊಂಡಳು. ಆರಿಸಿದ ಪಗಾನಿನಿಯಲ್ಲಿ ಒಂದು ಸ್ವರ ತುಸು ಅಪಶ್ರುತಿಯಾಗಿತ್ತು. ಅದು ಹಾಗೆಯೇ ಹೋಯಿತು. ಕೇಳಿ ಮುಗಿಸಿದ ಮೇಲೆ “ಈಗ ನಾನೇ ಸಾರ್” ಎಂದಳು. ಮೂರು ಕಾಲೇಜುಗಳಲ್ಲಿ ಒಂದರಿಂದ ಮುಂದಿನ ಪರೀಕ್ಷೆಗೆ ಕರೆ ಬಂತು, ಎರಡರಿಂದ ಬರಲಿಲ್ಲ. ಬಂದ ಕರೆ ಆಕೆಯ ಬೆರಳುಗಳ ಗಳಿಕೆ. ನಮ್ಮ ಲೆಕ್ಕಕ್ಕಾಗಲಿ ಗ್ರಂಥಾಲಯದ ಪುಸ್ತಕಗಳಿಗಾಗಲಿ ಅದರಲ್ಲಿ ಪಾಲಿಲ್ಲ. ಬಾರದ ಎರಡು ಕರೆಗಳಿಗೂ ಕೋಣೆಯನ್ನಾಗಲಿ ಫೋನನ್ನಾಗಲಿ ದೂರುವಂತಿರಲಿಲ್ಲ. ಪರೀಕ್ಷಕರು ಕೇಳಿದ್ದು ಆಕೆಯನ್ನೇ.